ಕಣದಿಂದ ನಾಲೆಯ ಏರಿಗೆ 94 ಹೆಜ್ಜೆ: ಆತ್ಮರಕ್ಷಣೆಯ ಒಂದು ಪ್ರಕರಣ

ಆ ಅಡಿಕೆ ಬೆಳೆಗಾರರು ಎಡಗೈಗೆ ಹಳೆಯ ಪಂಚೆಯ ಚೂರು ಸುತ್ತಿಕೊಂಡು ನನ್ನ ಕಚೇರಿಗೆ ಬಂದಿದ್ದರು. ಬಿಚ್ಚಿಸಿ ನೋಡಿದರೆ ಮುಂಗೈ ಮೇಲೆ ನಾಲ್ಕು ಬೆರಳುದ್ದದ ಗಾಯ, ಅದರ ತುಂಬ ಒತ್ತಿದ ಅರಿಶಿನ ಮತ್ತು ಕಾಫಿಪುಡಿ. "ಆಸ್ಪತ್ರೆಗೆ ಹೋಗಿದ್ದಿರಾ?" ಎಂದು ಕೇಳಿದೆ. "ಇದಕ್ಕೆಲ್ಲ ಆಸ್ಪತ್ರೆ ಏಕೆ ಸ್ವಾಮಿ, ತಾನೇ ಒಣಗುತ್ತದೆ. ಮಗನ ಹೆಸರು ಎಫ್‌ಐಆರ್‌ನಲ್ಲಿ ಬಂದಿದೆ, ಅದನ್ನು ನೋಡಿ" ಎಂದರು. ಘಟನೆ ನಡೆದು ಆಗಲೇ ಎರಡು ದಿನ ಕಳೆದಿತ್ತು. ಇಡೀ ಪ್ರಕರಣದಲ್ಲಿ ಅವರ ಪರವಾಗಿದ್ದ ಅತ್ಯಂತ ಗಟ್ಟಿ ಸಾಕ್ಷಿಯನ್ನು ಅವರು ಅರಿಶಿನ ಮೆತ್ತಿ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದರು. ಮೊದಲು ಆಸ್ಪತ್ರೆಗೆ ಕಳಿಸಿದೆ, ಆಮೇಲೆ ಕಾಗದ ನೋಡಿದೆ.

ನಾನು ದಾವಣಗೆರೆಯಲ್ಲಿ ವಕೀಲಿ ಮಾಡುತ್ತೇನೆ. ಇದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಸೀಮೆಯ ಒಬ್ಬ ಅಡಿಕೆ ಬೆಳೆಗಾರರ ಪ್ರಕರಣ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾನೂನಿನ ತಿರುವುಗಳನ್ನು ಮುಟ್ಟಿಲ್ಲ. ಇದನ್ನು ಬರೆಯುವಂತೆ ಮಾಡಿದವನು ಅವರ ಅಣ್ಣನ ಮಗ. ಅಮೆರಿಕದ ಟೆಕ್ಸಾಸ್‌ನಲ್ಲಿ ಎಂಜಿನಿಯರ್. ಮೊದಲ ದಿನವೇ ವಿಡಿಯೊ ಕರೆಯಲ್ಲಿ ಕಾಣಿಸಿಕೊಂಡು, "ಸರ್, ನಮ್ಮಲ್ಲಾಗಿದ್ದರೆ ಚಿಕ್ಕಪ್ಪನ ಮೇಲೆ ಕೇಸೇ ಆಗುತ್ತಿರಲಿಲ್ಲ. ಇಲ್ಲಿ ತೋಟಕ್ಕೆ ನುಗ್ಗಿದ ಕಳ್ಳನಿಗೆ ಗುಂಡು ಹಾರಿಸಬಹುದು" ಎಂದ. ಹಿಂದೆ ನಿಂತಿದ್ದ ಊರಿನ ನಾಲ್ವರು ತಲೆದೂಗಿದರು. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ದಂಡಸಂಹಿತೆ, "ಅಮೆರಿಕದಲ್ಲಿ ಹೀಗೆ" ಎಂಬ ಮಾತಿಗೇ ಅರ್ಥವಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆದರೆ ಮಾತು ತಲೆಯಲ್ಲಿ ಉಳಿಯಿತು. ಅದೇ ರಾತ್ರಿಯನ್ನು ಬೇರೆ ಬೇರೆ ಕಾನೂನುಗಳ ಮುಂದೆ ಇಟ್ಟರೆ ಏನಾಗುತ್ತಿತ್ತು ಎಂದು ನೋಡುತ್ತ ಹೋದೆ.

ನಡೆದದ್ದು

ಅಡಿಕೆ ಬೇಯಿಸಿ ಒಣಗಿಸುವ ಕಾಲದಲ್ಲಿ ನಮ್ಮ ಕಡೆ ಗಂಡಸರು ಮನೆಯಲ್ಲಿ ಮಲಗುವುದಿಲ್ಲ, ಕಣದಲ್ಲಿ ಮಲಗುತ್ತಾರೆ. ಕ್ವಿಂಟಲ್‌ಗೆ ಐವತ್ತು ಸಾವಿರ ರೂಪಾಯಿಯ ಆಸುಪಾಸಿನ ಮಾಲು ಬಯಲಿನಲ್ಲಿ ಟಾರ್ಪಾಲಿನ್ ಹೊದ್ದು ಬಿದ್ದಿರುತ್ತದೆ. ಒಂದು ಚೀಲ ಹೊತ್ತುಕೊಂಡು ಹೋದರೂ ಮೂವತ್ತು ಸಾವಿರಕ್ಕೆ ಮೋಸವಿಲ್ಲ. ಯಜಮಾನರಿಗೆ ಐವತ್ತೆಂಟು ವರ್ಷ. ಕಣದ ಮೂಲೆಯಲ್ಲಿ ಮಂಚ ಹಾಕಿಕೊಂಡಿದ್ದರು. ಮಗ ಇಪ್ಪತ್ತಾರರ ಹುಡುಗ, ಪಂಪ್‌ಸೆಟ್ ಕೋಣೆಯಲ್ಲಿ ಮಲಗಿದ್ದ. ಕಣದ ಒಂದು ಬದಿಗೆ ತಗಡಿನ ಗೋದಾಮು, ಒಣಗಿದ ಅಡಿಕೆಯ ಚೀಲಗಳು ಅದರೊಳಗೆ.

ದೀಪಾವಳಿ ಕಳೆದ ಎರಡನೆಯ ವಾರ. ರಾತ್ರಿ ಎರಡೂವರೆಗೆ ನಾಯಿ ಬೊಗಳಿತು. ಗೋದಾಮಿನ ಬೀಗ ಮುರಿದಿತ್ತು. ಮೂವರು ಇದ್ದರು, ಇಬ್ಬರು ರಸ್ತೆಯ ಕಡೆ, ಒಬ್ಬ ಚೀಲ ಹೊತ್ತು ಕಣದ ನಡುವೆ. ಯಜಮಾನರು ಕೂಗಿ ಅಡ್ಡ ಹೋದರು. ಚೀಲ ಹೊತ್ತವನು ಮಚ್ಚು ಬೀಸಿದ, ಅದು ಅವರ ಮುಂಗೈಗೆ ಬಿತ್ತು. ಅಷ್ಟರಲ್ಲಿ ಮಗ ಓಡಿ ಬಂದು ಕೈಗೆ ಸಿಕ್ಕ ಗುದ್ದಲಿಯ ಕಾವಿನಿಂದ ಅವನ ಭುಜಕ್ಕೆ ಹೊಡೆದ. ಮಚ್ಚು ಬಿತ್ತು, ಚೀಲವೂ ಬಿತ್ತು. ಇಬ್ಬರು ಬೈಕ್ ಹತ್ತಿ ಪರಾರಿಯಾದರು. ಏಟು ತಿಂದವನು ತೋಟದ ಹಿಂದಿನ ಭದ್ರಾ ನಾಲೆಯ ಕಡೆ ಓಡಿದ. ಮಗ ಬೆನ್ನು ಹತ್ತಿದ. ಏರಿ ಹತ್ತುವಾಗ ಹಿಂದಿನಿಂದ ಕಾಲಿಗೆ ಹೊಡೆದ. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು.

ಅಲ್ಲಿಂದ ಅವನನ್ನು ಎಳೆದು ತಂದು ಕಣದ ವಿದ್ಯುತ್ ಕಂಬಕ್ಕೆ ಕಟ್ಟಿದರು. ಬೆಳಕು ಹರಿಯುವ ಹೊತ್ತಿಗೆ ಅರ್ಧ ಊರು ಸೇರಿತ್ತು. ಬಂದವರಲ್ಲಿ ಕೆಲವರು ಕಪಾಳಕ್ಕೆ ಹೊಡೆದರು, ಒಬ್ಬ ವಿಡಿಯೊ ಮಾಡಿದ. ಆಗ ಯಾರೋ ಗುರುತಿಸಿದರು: ಎರಡು ವರ್ಷದ ಹಿಂದೆ ಇದೇ ಕಣಕ್ಕೆ ಅಡಿಕೆ ಸುಲಿಯಲು ಬಂದಿದ್ದ ಹುಡುಗ. ಪೊಲೀಸರಿಗೆ ಫೋನ್ ಹೋದದ್ದು ಬೆಳಿಗ್ಗೆ ಎಂಟಕ್ಕೆ, ಅವರು ಬಂದದ್ದು ಒಂಬತ್ತರ ನಂತರ.

ಎರಡು ಎಫ್‌ಐಆರ್ ಆದವು. ಕಳ್ಳತನ, ಸುಲಿಗೆಯದು ಒಂದು. ಆ ಹುಡುಗ ಆಸ್ಪತ್ರೆಯ ಹಾಸಿಗೆಯಿಂದ ಕೊಟ್ಟ ಹೇಳಿಕೆಯ ಮೇಲೆ ಇನ್ನೊಂದು: ಭಾರತೀಯ ನ್ಯಾಯ ಸಂಹಿತೆಯ ಕಲಂ 118(2), ಮಾರಕ ಆಯುಧದಿಂದ ತೀವ್ರ ಗಾಯ; ಕಲಂ 127(2), ಅಕ್ರಮ ಬಂಧನ. ತಂದೆ ಒಂದನೇ ಆರೋಪಿ, ಮಗ ಎರಡನೆಯವನು. "ಕಳ್ಳನೂ ಕೇಸು ಹಾಕಬಹುದೇ?" ಎಂದು ಯಜಮಾನರು ಕೇಳಿದ ಪ್ರಶ್ನೆಗೆ ಹೌದು ಎಂದಷ್ಟೇ ಉತ್ತರಿಸಿದೆ. ನಮ್ಮ ಕಡೆ ಅದಕ್ಕೆ ಕೌಂಟರ್ ಕೇಸು ಎನ್ನುತ್ತಾರೆ. ಹೊಡೆದಾಟ ನಡೆದ ಬಹುತೇಕ ಕಡೆ ಅದೊಂದು ಇದ್ದೇ ಇರುತ್ತದೆ.

ಬಾಗಿಲು ಮತ್ತು ಕಣ

ಖಾಸಗಿ ರಕ್ಷಣೆಯ ಹಕ್ಕು ಹಳೆಯ ಭಾರತೀಯ ದಂಡಸಂಹಿತೆಯಲ್ಲಿ 96ರಿಂದ 106ರವರೆಗಿನ ಕಲಂಗಳಲ್ಲಿತ್ತು. 2024ರ ಜುಲೈ 1ರಿಂದ ಅದೇ ಹಕ್ಕು ನ್ಯಾಯ ಸಂಹಿತೆಯ 34ರಿಂದ 44ರಲ್ಲಿ ಕೂತಿದೆ. ಸಂಖ್ಯೆ ಬದಲಾಯಿತು, ಸರಕು ಬಹುಮಟ್ಟಿಗೆ ಹಳೆಯದೇ. ಹಕ್ಕು ನಮ್ಮ ಮೈಗೆ ಮಾತ್ರವಲ್ಲ, ಬೇರೆಯವರ ಮೈಗೂ ಇದೆ. ಆದ್ದರಿಂದ ತಂದೆಯ ಮೇಲೆ ಮಚ್ಚು ಎತ್ತಿದವನನ್ನು ಮಗ ಹೊಡೆದದ್ದಕ್ಕೆ ಕಾನೂನಿನಲ್ಲಿ ಜಾಗವಿದೆ. ಆಸ್ತಿಗೂ ಹಕ್ಕಿದೆ. ಆದರೆ ಆಸ್ತಿಗಾಗಿ ಎಷ್ಟು ದೂರ ಹೋಗಬಹುದು ಎಂಬಲ್ಲಿ ಕಲಂ 41 ಮತ್ತು 42 ಒಂದು ವಿಚಿತ್ರ ಗೆರೆ ಎಳೆಯುತ್ತವೆ. ಅಡಿಕೆ ಬೆಳೆಗಾರರಿಗೆ ಈ ಗೆರೆ ಗೊತ್ತಿರಬೇಕು, ಒಬ್ಬರಿಗೂ ಗೊತ್ತಿಲ್ಲ.

ಬಯಲು ಕಣದಲ್ಲಿ ಹರಡಿದ ಅಡಿಕೆಯನ್ನು ಯಾರಾದರೂ ತುಂಬಿಕೊಂಡರೆ ಅದು ಬರೀ ಕಳ್ಳತನ. ತಡೆಯಲು ಹೊಡೆಯಬಹುದು, ಸಾವು ತರುವಂತಿಲ್ಲ. ಅದೇ ಅಡಿಕೆ ಹತ್ತು ಅಡಿ ಆಚೆ ಬೀಗ ಹಾಕಿದ ಗೋದಾಮಿನಲ್ಲಿದ್ದರೆ ಮಾತು ಬೇರೆ. ವಾಸದ ಮನೆಯಷ್ಟೇ ಅಲ್ಲ, ಸೊತ್ತು ಕಾಪಾಡಲು ಬಳಸುವ ಕಟ್ಟಡವೂ ಕಾನೂನಿನ ಲೆಕ್ಕದಲ್ಲಿ ಮನೆಯೇ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಅದರ ಬೀಗ ಮುರಿದರೆ ಅದು ಮನೆ ಕನ್ನ. ಅದನ್ನು ತಡೆಯುವ ಹಕ್ಕು ಸಾವಿನವರೆಗೂ ಹೋಗುತ್ತದೆ. ಒಂದೇ ಅಡಿಕೆ, ಒಂದೇ ಕಳ್ಳ. ತಗಡಿನ ಒಂದು ಬಾಗಿಲು ಎಷ್ಟು ವ್ಯತ್ಯಾಸ ಮಾಡಿತು ನೋಡಿ. ಹಾಗೆಂದು ಬೀಗ ಮುರಿದವನನ್ನೆಲ್ಲ ಕೊಲ್ಲಬಹುದೆಂದು ತಿಳಿಯಬಾರದು. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ ಎಂಬ ಕಲಂ 37ರ ಲಗಾಮು ಎಲ್ಲದರ ಮೇಲೂ ಇದೆ.

ಮಚ್ಚು ಬೀಸಿದ ಕ್ಷಣಕ್ಕೆ ಈ ಲೆಕ್ಕಗಳೆಲ್ಲ ಹಿಂದೆ ಸರಿದವು. ಕದ್ದ ಮಾಲು ಒಯ್ಯಲು ಗಾಯ ಮಾಡಿದರೆ ಕಳ್ಳತನ ಸುಲಿಗೆಯಾಗುತ್ತದೆ. ಸಾವು ಅಥವಾ ತೀವ್ರ ಗಾಯದ ಭಯ ಹುಟ್ಟಿದರೆ, ಮೈಯ ರಕ್ಷಣೆಗಾಗಿ ಸಾವಿನವರೆಗೂ ಹೋಗಬಹುದು ಎನ್ನುವ ಕಲಂ 38 ತೆರೆಯುತ್ತದೆ. ಮಗನ ಮೊದಲ ಏಟು ಭುಜದ ಬದಲು ತಲೆಗೆ ಬಿದ್ದು ಆ ಹುಡುಗ ಅಲ್ಲೇ ಸತ್ತಿದ್ದರೂ ನಾನು ಧೈರ್ಯವಾಗಿ ವಾದಿಸುತ್ತಿದ್ದೆ.

"ಅಪ್ಪ ಹಿಂದೆ ಸರಿಯಬಹುದಿತ್ತಲ್ಲ, ಚೀಲ ಹೋದರೆ ಹೋಗಲಿ" ಎಂದು ಸರ್ಕಾರಿ ವಕೀಲರು ಹೇಳಬಹುದೇ? ಈ ಒಂದು ಪ್ರಶ್ನೆಗೆ ಊರೂರಿಗೆ ಉತ್ತರ ಬೇರೆ. ನ್ಯೂಯಾರ್ಕ್ ರಾಜ್ಯದಲ್ಲಿ ಮನೆಯ ಹೊರಗೆ ಪೂರ್ತಿ ಸುರಕ್ಷಿತವಾಗಿ ಹಿಂದೆ ಸರಿಯಲು ಸಾಧ್ಯವಿದೆಯೆಂದು ಗೊತ್ತಿದ್ದರೆ, ಮಾರಕ ಬಲ ಬಳಸುವ ಮೊದಲು ಸರಿಯಲೇಬೇಕು. ಫ್ಲಾರಿಡಾ 2005ರಲ್ಲಿ ಆ ಹೊರೆಯನ್ನು ತೆಗೆದುಹಾಕಿತು; ಇರಲು ಹಕ್ಕಿರುವ ಜಾಗದಲ್ಲಿ ನಿಂತವನು ಅಲ್ಲಾಡಬೇಕಿಲ್ಲ. ನಮ್ಮ ಸುಪ್ರೀಂ ಕೋರ್ಟ್ ದರ್ಶನ್ ಸಿಂಗ್ ಪ್ರಕರಣದಲ್ಲಿ, 2010ರಲ್ಲಿ, ಕಾನೂನು ಪಾಲಿಸುವ ನಾಗರಿಕ ಹೇಡಿಯಂತೆ ಓಡಿಹೋಗಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ ಎಂದಿತು. ಗಾಬರಿಯಲ್ಲಿರುವವನ ಏಟನ್ನು ಬಂಗಾರ ತೂಗುವ ತಕ್ಕಡಿಯಲ್ಲಿಟ್ಟು ನೋಡಬಾರದು ಎಂಬುದು ಇನ್ನೂ ಹಳೆಯ ಮಾತು. ಹೀಗಾಗಿ ಕಣದ ಮಟ್ಟಿಗೆ ಚನ್ನಗಿರಿ ತಾಲ್ಲೂಕು ಫ್ಲಾರಿಡಾಕ್ಕೆ ಹತ್ತಿರ, ನ್ಯೂಯಾರ್ಕಿಗೆ ದೂರ. ಟೆಕ್ಸಾಸ್‌ನ ಎಂಜಿನಿಯರ್ ಇದನ್ನು ಕೇಳಿ ತುಸು ಪೆಚ್ಚಾದ.

ಭಾರತದ ಕಾನೂನು ಇಷ್ಟು ಉದಾರವಾಗಿರುವುದಕ್ಕೆ ಒಂದು ಹಿನ್ನೆಲೆಯಿದೆ. ದಂಡಸಂಹಿತೆಯ ಕರಡನ್ನು 1837ರಲ್ಲಿ ಸಿದ್ಧಪಡಿಸಿದ ಮೆಕಾಲೆಯ ಆಯೋಗಕ್ಕೆ, ಇಲ್ಲಿನ ಜನ ದರೋಡೆಯನ್ನೂ ದಬ್ಬಾಳಿಕೆಯನ್ನೂ ಸುಮ್ಮನೆ ಸಹಿಸುತ್ತಾರೆ, ಇವರಿಗೆ ಎದುರು ನಿಲ್ಲುವ ಹುರುಪು ತುಂಬಬೇಕು ಎಂಬ ಅಭಿಪ್ರಾಯವಿತ್ತು. ಆಳುವವರ ಅಹಂಕಾರದಿಂದ ಹುಟ್ಟಿದ ಅಭಿಪ್ರಾಯ; ಆದರೂ ಹಕ್ಕು ಮಾತ್ರ ನಮ್ಮ ಕೈಯಲ್ಲಿ ಉಳಿಯಿತು. 1862ರಲ್ಲಿ ಸಂಹಿತೆ ಜಾರಿಗೆ ಬಂತು. ನಮ್ಮ ದಾವಣಗೆರೆ ಮೈಸೂರು ಸಂಸ್ಥಾನದಲ್ಲಿದ್ದಾಗ ಹರಿಹರದ ಹೊಳೆ ದಾಟಿದರೆ ಮುಂಬಯಿ ಪ್ರಾಂತ್ಯ, ಹರಪನಹಳ್ಳಿಗೆ ಹೋದರೆ ಮದ್ರಾಸ್ ಪ್ರಾಂತ್ಯ. ಅಳತೆ, ಕಂದಾಯ, ರೂಢಿ ಎಲ್ಲ ಬೇರೆ. ಆತ್ಮರಕ್ಷಣೆಯ ಕಾನೂನು ಮಾತ್ರ ಒಂದೇ. ಡಲ್ಲಾಸ್‌ನಿಂದ ನ್ಯೂಯಾರ್ಕಿಗೆ ವಿಮಾನ ಹತ್ತಿದವನಿಗೆ ಇಂದಿಗೂ ಆ ಅನುಕೂಲವಿಲ್ಲ.

ಏರಿ

ಮಹಜರು ನಡೆದ ಮೇಲೆ ನಾನೇ ಹೋಗಿ ನೋಡಿ ಬಂದೆ. ಚೀಲ ಬಿದ್ದ ಜಾಗದಿಂದ ಏರಿಯ ಮೇಲಿನ ಆ ಜಾಗಕ್ಕೆ ಹೆಜ್ಜೆ ಹಾಕಿ ಎಣಿಸಿದೆ. ತೊಂಬತ್ತನಾಲ್ಕು. ನಡುವೆ ಎರಡು ಸಾಲು ಅಡಿಕೆ ಮರ, ಒಂದು ಬಸಿಗಾಲುವೆ, ಒಣಗಿದ ಹಾಳೆಗಳ ರಾಶಿ. ಇಪ್ಪತ್ತಾರರ ಹುಡುಗನಿಗೆ ಅರ್ಧ ನಿಮಿಷದ ಓಟ. ಪ್ರಕರಣದ ಕಷ್ಟವೆಲ್ಲ ಆ ಅರ್ಧ ನಿಮಿಷದಲ್ಲಿದೆ.

ಕಲಂ 40 ಮತ್ತು 43 ಹಕ್ಕಿಗೆ ಹುಟ್ಟನ್ನೂ ಕೊನೆಯನ್ನೂ ಗೊತ್ತುಮಾಡುತ್ತವೆ. ಮೈಯ ಹಕ್ಕು ಅಪಾಯದ ಭಯ ಇರುವವರೆಗೆ. ಸುಲಿಗೆಯ ವಿರುದ್ಧದ ಹಕ್ಕು ತಕ್ಷಣದ ಸಾವು, ಗಾಯದ ಭಯ ಇರುವವರೆಗೆ. ಕಳ್ಳತನದ ವಿರುದ್ಧದ ಹಕ್ಕು ಕಳ್ಳ ಮಾಲಿನೊಂದಿಗೆ ತಪ್ಪಿಸಿಕೊಳ್ಳುವವರೆಗೆ, ಅಥವಾ ಪೊಲೀಸರ ನೆರವು ಸಿಗುವವರೆಗೆ, ಅಥವಾ ಮಾಲು ಮರಳಿ ಸಿಗುವವರೆಗೆ. ಇಲ್ಲಿ ಮಚ್ಚು ಕಣದಲ್ಲಿ ಬಿದ್ದಿತ್ತು. ಚೀಲವೂ ಕಣದಲ್ಲಿತ್ತು. ಏರಿ ಹತ್ತುತ್ತಿದ್ದವನ ಕೈ ಬರಿದಾಗಿತ್ತು, ಬೆನ್ನು ನಮ್ಮ ಕಡೆಗಿತ್ತು. 1962ರ ಜಯದೇವ್ ಪ್ರಕರಣದಲ್ಲಿ ಜಮೀನಿನ ಜಗಳಕ್ಕೆ ಬಂದವರು ಓಡತೊಡಗಿದ ಮೇಲೂ ಗುಂಡು ಹಾರಿಸಿದವರಿಗೆ ಸುಪ್ರೀಂ ಕೋರ್ಟ್ ರಕ್ಷಣೆ ಕೊಡಲಿಲ್ಲ. ಆ ತೀರ್ಪು ನನ್ನ ಎದುರು ಪಕ್ಷದ ಕೈಯಲ್ಲಿ ಇದ್ದೇ ಇರುತ್ತದೆ.

ಹಾಗಾದರೆ ಟೆಕ್ಸಾಸ್? ಅಲ್ಲಿನ ದಂಡಸಂಹಿತೆಯ 9.42ನೇ ಕಲಂ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ರಾತ್ರಿ ವೇಳೆಯ ಕಳ್ಳತನವನ್ನು ತಡೆಯಲು ಮಾರಕ ಬಲ ಬಳಸಬಹುದು. ಕದ್ದು ಓಡುತ್ತಿರುವವನು ಮಾಲಿನೊಂದಿಗೆ ತಪ್ಪಿಸಿಕೊಳ್ಳದಂತೆ ತಡೆಯಲೂ ಬಳಸಬಹುದು. ಬೇರೆ ದಾರಿಯಿಂದ ಆ ಮಾಲನ್ನು ಉಳಿಸಿಕೊಳ್ಳಲಾಗದು ಎಂಬ, ಅಥವಾ ಕಡಿಮೆ ಬಲ ಬಳಸಿದರೆ ತನಗೇ ಭಾರಿ ಅಪಾಯ ಎಂಬ ಸಮಂಜಸ ನಂಬಿಕೆ ಇರಬೇಕು, ಅಷ್ಟೇ. 2007ರಲ್ಲಿ ಹ್ಯೂಸ್ಟನ್ ಬಳಿಯ ಪಸಡೀನಾದಲ್ಲಿ ಪಕ್ಕದ ಮನೆಯಿಂದ ಕದ್ದು ಹೊರಬರುತ್ತಿದ್ದ ಇಬ್ಬರನ್ನು ಒಬ್ಬ ಹಿರಿಯ ಗುಂಡಿಟ್ಟು ಕೊಂದ. ಮೊಕದ್ದಮೆ ಹೂಡಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿ, ಗ್ರ್ಯಾಂಡ್ ಜ್ಯೂರಿ, ಅವನ ಮೇಲೆ ಆರೋಪವನ್ನೇ ಹೊರಿಸಲಿಲ್ಲ. ಹೀಗಾಗಿ ಅಣ್ಣನ ಮಗನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಕಲಂನ ಮಾತನ್ನು ನಿಧಾನವಾಗಿ ಓದಿಸಿದೆ: "ಮಾಲಿನೊಂದಿಗೆ". ಚೀಲ ಕಣದಲ್ಲಿ ಬಿದ್ದ ಮೇಲೆ ಅಲ್ಲಿಯೂ ಆ ಬಾಗಿಲು ಮುಚ್ಚುತ್ತದೆ. ಚೀಲ ಹೆಗಲ ಮೇಲೇ ಇದ್ದಿದ್ದರೆ? ಆಗ ಎರಡೂ ಕಡೆ ಹಕ್ಕು ಬದುಕಿರುತ್ತಿತ್ತು. ಟೆಕ್ಸಾಸ್‌ನಲ್ಲಿ ಬಂದೂಕಿನವರೆಗೆ, ಇಲ್ಲಿ ಬಹುಶಃ ಗುದ್ದಲಿಯ ಕಾವಿನವರೆಗೆ.

ನನಗೆ ಇನ್ನೂ ಹೆಚ್ಚು ಕುತೂಹಲ ಹುಟ್ಟಿಸಿದ್ದು ಜರ್ಮನಿ. ಅಲ್ಲಿನ ಸಂಹಿತೆಯ 32ನೇ ಕಲಂ ಹಿಂದೆ ಒಂದು ಹಠವಿದೆ: ನ್ಯಾಯ ಅನ್ಯಾಯಕ್ಕೆ ದಾರಿ ಬಿಡಬೇಕಿಲ್ಲ. 1920ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯದ ಮುಂದೆ ಬಂದದ್ದು ಹೆಚ್ಚು ಕಡಿಮೆ ನಮ್ಮದೇ ಕತೆ. ಹಣ್ಣಿನ ತೋಟ, ಕಾವಲುಗಾರ, ಹಣ್ಣು ಕದ್ದು ಓಡುತ್ತಿದ್ದವರು. ನಿಲ್ಲಿ ಎಂದು ಕೂಗಿದ, ನಿಲ್ಲಲಿಲ್ಲ, ಗುಂಡು ಹಾರಿಸಿದ, ಒಬ್ಬ ಗಾಯಗೊಂಡ. ಹಣ್ಣಿನ ಬೆಲೆ ಎಷ್ಟು, ಜೀವದ ಬೆಲೆ ಎಷ್ಟು ಎಂದು ತೂಗಬೇಕಿಲ್ಲ, ಇದು ಸಮರ್ಥನೀಯ ಎಂದಿತು ನ್ಯಾಯಾಲಯ. ಇಂದಿನ ಜರ್ಮನಿ ಆ ತೀರ್ಪಿನಿಂದ ದೂರ ಬಂದಿದೆ. ಕ್ಷುಲ್ಲಕ ವಸ್ತುವಿಗಾಗಿ ಜೀವ ತೆಗೆಯುವುದನ್ನು ಈಗ ಒಪ್ಪುವುದಿಲ್ಲ. ಆದರೆ 33ನೇ ಕಲಂ ಉಳಿದಿದೆ: ಗೊಂದಲ, ಭಯ ಅಥವಾ ದಿಗಿಲಿನಿಂದ ರಕ್ಷಣೆಯ ಮೇರೆ ಮೀರಿದವನಿಗೆ ಶಿಕ್ಷೆಯಿಲ್ಲ. ನಮ್ಮ ಹುಡುಗ ಓಡಿದ್ದು ಭಯದಿಂದಲೋ, ಅಪ್ಪನ ರಕ್ತ ನೋಡಿದ ಸಿಟ್ಟಿನಿಂದಲೋ? ಅವನನ್ನೇ ಕೇಳಿದೆ. "ಸಿಟ್ಟು ಸರ್" ಎಂದ, ಯೋಚಿಸದೆ. ಜರ್ಮನಿಯ ಕಲಂನಲ್ಲಿ ಸಿಟ್ಟಿಗೆ ಜಾಗವಿಲ್ಲ.

ಇಂಗ್ಲೆಂಡಿನಲ್ಲಿ ಜನಪ್ರಿಯವಾದದ್ದು ಮನೆಯವರ ರಿಯಾಯಿತಿ. 2013ರಿಂದ, ಮನೆಗೆ ನುಗ್ಗಿದವನ ವಿರುದ್ಧ ಬಳಸಿದ ಬಲ "ಅತಿರೇಕದ ಮಟ್ಟಿಗೆ ಅಳತೆ ಮೀರಿದ್ದು" ಆಗದ ಹೊರತು ಅದನ್ನು ತಾನಾಗಿಯೇ ತಪ್ಪೆನ್ನುವಂತಿಲ್ಲ. ಆದರೆ ಅದು ವಾಸದ ಮನೆಯೊಳಗೆ ಜೀವ ಉಳಿಸಿಕೊಳ್ಳುವವರಿಗೆ, ಬಯಲು ಕಣಕ್ಕೂ ಅಡಿಕೆ ಚೀಲಕ್ಕೂ ಅಲ್ಲ. ಈ ಚರ್ಚೆಗೆ ಕಾವು ಕೊಟ್ಟದ್ದು 1999ರ ಟೋನಿ ಮಾರ್ಟಿನ್ ಪ್ರಕರಣ: ನಾರ್ಫೋಕ್‌ನ ಒಂಟಿ ತೋಟದ ಮನೆ, ರಾತ್ರಿ ಇಬ್ಬರು ಕಳ್ಳರು, ಬಂದೂಕು. ಸತ್ತ ಹದಿನಾರರ ಹುಡುಗನಿಗೆ ಗುಂಡು ಬಿದ್ದದ್ದು ಬೆನ್ನಿಗೆ. ಜ್ಯೂರಿ ಕೊಲೆ ಎಂದಿತು. 2001ರಲ್ಲಿ ಮೇಲ್ಮನವಿಯಲ್ಲಿ ಶಿಕ್ಷೆ ಇಳಿಯಿತಾದರೂ ಅದು ಆತ್ಮರಕ್ಷಣೆಯ ಕಾರಣಕ್ಕಲ್ಲ, ಅವನ ಮಾನಸಿಕ ಸ್ಥಿತಿಯ ಕಾರಣಕ್ಕೆ. ಮೇರೆ ಮೀರಿದ ರಕ್ಷಣೆಗೆ ಅಲ್ಲಿ ನಡುದಾರಿಯಿಲ್ಲ. ಆತ್ಮರಕ್ಷಣೆಯ ವಾದದ ಮಟ್ಟಿಗೆ ಪೂರ್ತಿ ಬಿಡುಗಡೆ ಇಲ್ಲವೇ ಕೊಲೆ. ನಮ್ಮಲ್ಲಿ ಇದೆ. ಸದ್ಭಾವನೆಯಿಂದ ರಕ್ಷಿಸಿಕೊಳ್ಳುವಾಗ ಮೇರೆ ಮೀರಿ ಸಾವಾದರೆ ಕೊಲೆಯ ಎರಡನೇ ವಿನಾಯಿತಿಯಡಿ ಅದು ಕೊಲೆಯಲ್ಲದ ನರಹತ್ಯೆಯಾಗುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕೂಡ 2002ರಲ್ಲಿ ಅಂಥ ನಡುದಾರಿಗೆ ಮರಳಿತು. ಒಂದು ಎಚ್ಚರಿಕೆ: ಹಕ್ಕು ಜೀವಂತ ಇದ್ದಾಗ ಮೀರಿದವರಿಗೆ ಮಾತ್ರ ಈ ದಾರಿ. ಹಕ್ಕೇ ಮುಗಿದ ಮೇಲೆ ಹೊಡೆದವರಿಗೆ ಇದು ತೆರೆಯುವುದಿಲ್ಲ. ಅನುಭವಿ ಸರ್ಕಾರಿ ವಕೀಲರು "ಹೆಚ್ಚು ಹೊಡೆದರು" ಎನ್ನುವುದಕ್ಕಿಂತ "ಹಕ್ಕು ಮುಗಿದಿತ್ತು" ಎಂದು ವಾದಿಸುವುದು ಅದಕ್ಕೇ.

ಯಜಮಾನರ ಬೀಗರು ಚಿತ್ರದುರ್ಗದವರು. ಒಂದು ಸಂಜೆ ಕಚೇರಿಗೆ ಬಂದು, "ವಕೀಲರೇ, ನಮ್ಮ ಓಬವ್ವನ ಮೇಲೆ ಯಾರು ಕೇಸು ಹಾಕಿದರು?" ಎಂದು ಕೇಳಿದರು. ಯುದ್ಧದ ಮಾತು ಬೇರೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಯೋಚಿಸಿದರೆ ಅವರೇ ನನಗೆ ಒಳ್ಳೆಯ ಉದಾಹರಣೆ ಕೊಟ್ಟಿದ್ದರು. "ಕಿಂಡಿಯಿಂದ ಒಳಗೆ ಬರುತ್ತಿದ್ದ ತಲೆಗೆ ಹೊಡೆದಳು ಸ್ವಾಮಿ, ಓಡಿಹೋಗುವವನ ಕಾಲಿಗಲ್ಲ" ಎಂದೆ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ.

ಏರಿಯ ಏಟಿಗೆ ನನ್ನ ಹತ್ತಿರ ಇರುವ ವಾದ ಎರಡು. ಅವನನ್ನು ಹಿಡಿಯಲು ಓಡಿದ್ದು, ಹಿಡಿಯುವ ಹಕ್ಕು ಮಗನಿಗಿತ್ತು ಎಂಬುದು ಮೊದಲನೆಯದು. ಅದು ನಿಲ್ಲದಿದ್ದರೆ ಕಲಂ 122: ತಂದೆಯ ರಕ್ತ ಕಂಡು ಹಠಾತ್ತಾಗಿ ಕೆರಳಿ ಮಾಡಿದ ತೀವ್ರ ಗಾಯ. 118(2)ರಲ್ಲಿ ಕನಿಷ್ಠ ಒಂದು ವರ್ಷ ಜೈಲು ಖಾಯಂ. 122ರಲ್ಲಿ ಕನಿಷ್ಠವೆಂಬುದೇ ಇಲ್ಲ, ದಂಡದಲ್ಲೂ ಮುಗಿಯಬಹುದು. ಹುಡುಗ ಯೋಚಿಸದೆ ಹೇಳಿದ "ಸಿಟ್ಟು" ಎಂಬ ಮಾತು ಜರ್ಮನಿಯಲ್ಲಿ ಅವನನ್ನು ಕೆಡಿಸುತ್ತಿತ್ತು, ಚನ್ನಗಿರಿಯಲ್ಲಿ ಕೈ ಹಿಡಿಯಬಹುದು.

ಕಂಬ

ಇದಕ್ಕೆ ಹೆಚ್ಚು ಮಾತು ಬೇಡ, ಸಮರ್ಥನೆಯಂತೂ ಇಲ್ಲ. ಕಣ್ಣೆದುರು ಜಾಮೀನುರಹಿತ, ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ಮಾಡಿದವನನ್ನು ಯಾವ ನಾಗರಿಕನೂ ಹಿಡಿಯಬಹುದು. ಆದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 40 ಹಳೆಯ ಕಾನೂನಿನಲ್ಲಿಲ್ಲದ ಒಂದು ಗಡುವು ತಂದಿದೆ: ಅನಗತ್ಯ ತಡವಿಲ್ಲದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಎರಡೂವರೆಯಿಂದ ಒಂಬತ್ತಕ್ಕೆ ಎಷ್ಟಾಯಿತು? ಜೇಬಿನಲ್ಲಿ ಮೊಬೈಲ್ ಇತ್ತು, 112 ಒತ್ತಲು ಯಾರಿಗೂ ತೋಚಲಿಲ್ಲ. ವಿಡಿಯೊ ಮಾಡಲು ಮಾತ್ರ ತೋಚಿತು. ಆ ವಿಡಿಯೊದಲ್ಲಿ ಮುರಿದ ಕಾಲನ್ನು ಚಾಚಿ ಕೂತ ಹುಡುಗ ನೀರು ಕೇಳುತ್ತಿದ್ದಾನೆ. ಕೊಟ್ಟವರು ಯಜಮಾನರ ಹೆಂಡತಿ. ಮೂರೇ ಸೆಕೆಂಡಿನ ಆ ದೃಶ್ಯ ನನ್ನ ಪಾಲಿಗೆ ಬಂಗಾರ.

ಕೆನಡಾದಲ್ಲಿ ಇಂಥದೇ ಒಂದು ಕಟ್ಟಿಹಾಕಿದ ಪ್ರಸಂಗ ಕಾನೂನನ್ನೇ ಬದಲಿಸಿತು. 2009ರಲ್ಲಿ ಟೊರೊಂಟೊದ ಅಂಗಡಿಯವನೊಬ್ಬ, ಗಿಡ ಕದ್ದು ಹೋಗಿ ಸ್ವಲ್ಪ ಹೊತ್ತಿಗೆ ಮರಳಿ ಬಂದ ಕಳ್ಳನನ್ನು ಹಿಡಿದು ಕೈಕಾಲು ಕಟ್ಟಿದ. ಕದಿಯುತ್ತಿರುವಾಗಲೇ ಹಿಡಿಯಬೇಕಿತ್ತು ಎಂದು ಅವನ ಮೇಲೆಯೇ ಮೊಕದ್ದಮೆ. ಬಿಡುಗಡೆಯಾದ, 2012ರಲ್ಲಿ ಸಂಸತ್ತು ಕಾನೂನು ತಿದ್ದಿ, ಸಮಂಜಸ ಸಮಯದೊಳಗೆ ಆಮೇಲೂ ಹಿಡಿಯಬಹುದು ಎಂದಿತು. ಕಪಾಳಕ್ಕೆ ಹೊಡೆಯಬಹುದು ಎಂದು ಯಾವ ದೇಶವೂ ಹೇಳಿಲ್ಲ.

"ಏರಿಯಿಂದ ಬಿದ್ದು ಮುರಿಯಿತು"

ಪ್ರಕರಣವನ್ನು ನಿಜವಾಗಿ ಹಾಳುಮಾಡಲಿದ್ದದ್ದು ಊರಿನ ಬುದ್ಧಿವಂತಿಕೆ. ನನ್ನ ಬಳಿ ಬರುವ ಮೊದಲೇ ಹಿರಿಯರೆಲ್ಲ ಸೇರಿ ಒಂದು ಹೇಳಿಕೆ ಕಟ್ಟಿಕೊಟ್ಟಿದ್ದರು: ನಾವು ಮುಟ್ಟೇ ಇಲ್ಲ, ಓಡುವಾಗ ಏರಿಯಿಂದ ಬಿದ್ದು ಕಾಲು ಮುರಿದುಕೊಂಡ. ಭುಜದ ಮೇಲೆ ಉದ್ದನೆಯ ಬಾಸುಂಡೆ, ಕಾಲಿನ ಹಿಂಬದಿಯಲ್ಲಿ ಏಟಿನ ಗುರುತು ಎಂದು ವೈದ್ಯರು ಗಾಯದ ಪ್ರಮಾಣಪತ್ರದಲ್ಲಿ ಬರೆದಿದ್ದಾರೆ. ಬಿದ್ದವನಿಗೆ ಅಂಥ ಗುರುತು ಬರುವುದಿಲ್ಲ.

ಆತ್ಮರಕ್ಷಣೆ ಎಂದರೆ "ಹೊಡೆದೆ, ಹೊಡೆಯಬೇಕಾಗಿ ಬಂತು" ಎನ್ನುವುದು. ಹೊಡೆದೇ ಇಲ್ಲ ಎಂದವನು ಅದೇ ಬಾಯಲ್ಲಿ ಇದನ್ನು ಹೇಳಿದರೆ ನಂಬುವವರು ಯಾರು? 1967ರ ಮುನ್ಶಿ ರಾಮ್ ತೀರ್ಪಿನ ಪ್ರಕಾರ, ಆರೋಪಿ ಬಾಯಿ ಬಿಟ್ಟು ಹೇಳದಿದ್ದರೂ ದಾಖಲೆಯಲ್ಲಿರುವ ಸಾಕ್ಷ್ಯದಿಂದ ರಕ್ಷಣೆಯ ಹಕ್ಕು ಕಂಡುಬಂದರೆ ನ್ಯಾಯಾಲಯ ಅದನ್ನು ಪರಿಗಣಿಸಬಹುದು. ಆದರೆ ಆ ಕೃಪೆಯನ್ನು ನಂಬಿ ಕೂರುವುದು ಕೆಟ್ಟ ವಕೀಲಿ. ವಿನಾಯಿತಿಯನ್ನು ಸಾಬೀತುಪಡಿಸುವ ಹೊಣೆ ನಮ್ಮಲ್ಲಿ ಆರೋಪಿಯದು, ಸಾಕ್ಷ್ಯ ಅಧಿನಿಯಮದ ಕಲಂ 108. ಸಂಶಯಾತೀತವಾಗಿ ಬೇಕಿಲ್ಲ, ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಇಂಗ್ಲೆಂಡಿನಲ್ಲಿ ಪ್ರಶ್ನೆ ಎದ್ದರೆ ಸಾಕು, ಅದು ಆತ್ಮರಕ್ಷಣೆ ಅಲ್ಲವೆಂದು ತೋರಿಸುವ ಹೊರೆ ಸರ್ಕಾರದ ಹೆಗಲಿಗೆ. ಅಮೆರಿಕದಲ್ಲಿ ಆರೋಪಿಯ ಮೇಲೆ ಈ ಹೊರೆ ಇಟ್ಟುಕೊಂಡಿದ್ದ ಕಟ್ಟಕಡೆಯ ರಾಜ್ಯ ಓಹಾಯೊ. 2019ರಲ್ಲಿ ಅದೂ ಬಿಟ್ಟಿತು. ನನ್ನ ಅಭಿಪ್ರಾಯದಲ್ಲಿ ದೇಶ ದೇಶಗಳ ನಡುವೆ ಆರೋಪಿಗೆ ಅತಿ ಹೆಚ್ಚು ತಟ್ಟುವ ವ್ಯತ್ಯಾಸ ಇದೇ. ಗುಂಡು ಹಾರಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ, ಸಾಬೀತು ಮಾಡುವವರು ಯಾರು ಎಂದು ಯಾರೂ ಕೇಳುವುದಿಲ್ಲ.

ಇಲ್ಲಿಯೇ ಅರಿಶಿನ ಮೆತ್ತಿದ ಆ ಕೈ ಕೆಲಸಕ್ಕೆ ಬರುವುದು. ಆರೋಪಿಯ ಮೈಮೇಲಿನ ಗಾಯವನ್ನು ವಿವರಿಸದೆ ಹೋದರೆ ಸರ್ಕಾರದ ಕತೆಯೇ ಸಡಿಲವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1976ರಲ್ಲಿ ಲಕ್ಷ್ಮೀ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಎರಡು ದಿನ ತಡವಾದ ಗಾಯಕ್ಕೆ ವೈದ್ಯರು "ಹರಿತವಾದ ಆಯುಧದಿಂದ ಆಗಿರಬಹುದು, ಸುಮಾರು ಎರಡು ದಿನ ಹಳೆಯದು" ಎಂದು ಬರೆದರು. ಅಷ್ಟು ಸಿಕ್ಕಿದ್ದೇ ಪುಣ್ಯ. ಮಚ್ಚು ಮಾತ್ರ ಮಹಜರಿನ ಹೊತ್ತಿಗೆ ಕಣದಲ್ಲಿರಲಿಲ್ಲ. ಊರಿನವನೊಬ್ಬ "ಚೆನ್ನಾಗಿದೆ" ಎಂದು ಮನೆಗೆ ಒಯ್ದಿದ್ದ. ಮೂರನೇ ದಿನ ಅದನ್ನು ತಂದು ಠಾಣೆಗೆ ಒಪ್ಪಿಸಿದೆವು. ತೊಳೆದಿದ್ದ.

ನಿರೀಕ್ಷಣಾ ಜಾಮೀನು ದಾವಣಗೆರೆಯ ಸೆಷನ್ಸ್ ನ್ಯಾಯಾಲಯದಲ್ಲಿ ಸಿಕ್ಕಿತು. ಎರಡೂ ಪ್ರಕರಣಗಳನ್ನು ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೊಂದು ಕೇಳಬೇಕೆಂಬ ಅರ್ಜಿಯೂ ಮಂಜೂರಾಗಿದೆ. ಗುದ್ದಲಿಯ ಕಾವು ಮಾರಕ ಆಯುಧವಲ್ಲ, 118(2) ನಿಲ್ಲುವುದಿಲ್ಲ ಎಂಬ ವಾದ ಬಾಕಿ ಇದೆ. ಕಾಲು ಮುರಿದ ಹುಡುಗನ ತಾಯಿ ಒಮ್ಮೆ ನ್ಯಾಯಾಲಯದ ಆವರಣದಲ್ಲಿ ಯಜಮಾನರ ಎದುರು ಬಂದು ನಿಂತರು. ಇಬ್ಬರೂ ಏನೂ ಮಾತಾಡಲಿಲ್ಲ. ಕಾಲಿನ ರಾಡು ಇನ್ನೂ ತೆಗೆದಿಲ್ಲವಂತೆ.

ಕಳೆದ ತಿಂಗಳು ಯಜಮಾನರು ಫೋನ್ ಮಾಡಿ, ಈ ಸಲದ ಹಂಗಾಮಿಗೆ ಕಣದ ಸುತ್ತ ತಂತಿ ಎಳೆದು ರಾತ್ರಿ ಕರೆಂಟು ಬಿಡುವ ಯೋಚನೆಯಿದೆ, ಹಂದಿಯೂ ಬರುವುದಿಲ್ಲ, ಕಳ್ಳನೂ ಬರುವುದಿಲ್ಲ ಎಂದರು. ಒಂದು ಸಾವಿರ ಅಡಿ ತಂತಿ ತಂದಿಟ್ಟಿದ್ದರು. ನಾನು ಅವರಿಗೆ ಬಿಹಾರದ ಚೆರುಬಿನ್ ಗ್ರೆಗೊರಿಯ ಪ್ರಕರಣ ಹೇಳಿದೆ: ತನ್ನ ಶೌಚಾಲಯಕ್ಕೆ ಬೇರೆಯವರು ಬರಬಾರದೆಂದು ಕರೆಂಟಿನ ತಂತಿ ಕಟ್ಟಿದ, ಒಬ್ಬ ಹೆಂಗಸು ಸತ್ತಳು, ಅತಿಕ್ರಮಿಸಿ ಬಂದವಳಾದರೂ ಕಾನೂನಿನ ಹೊರಗಿನವಳಲ್ಲ ಎಂದು 1963ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಮೆರಿಕದ ಅಯೋವಾದಲ್ಲಿ ಪಾಳುಮನೆಗೆ ಬಂದೂಕಿನ ಬಲೆ ಕಟ್ಟಿದ್ದ ರೈತ ದಂಪತಿ, ಹಳೆಯ ಸೀಸೆ ಕದಿಯಲು ಬಂದು ಕಾಲಿಗೆ ತೀವ್ರ ಗಾಯ ಮಾಡಿಕೊಂಡವನಿಗೆ 30,000 ಡಾಲರ್ ಕೊಡಬೇಕೆಂದು 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. "ತಂತಿಗೆ ಕಳ್ಳ ಯಾರು, ಸುಲಿಯಲು ಬಂದ ಹೆಣ್ಣುಮಗಳು ಯಾರು ಎಂದು ಗೊತ್ತಾಗುತ್ತದೆಯೇ ಯಜಮಾನರೇ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಬಿಲ್ಲು ಇದೆ, ಅಂಗಡಿಯವನು ವಾಪಸು ತೆಗೆದುಕೊಳ್ಳುತ್ತಾನೆ ಎಂದರು.